ಮನೆಯಲ್ಲಿ ಉಳಿಯುವವರಿಗೆ ಯಾವ ಊರು ಹಿತ?

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ನನ್ನ ತವರು ಗಂಗಾವತಿ, ಯಜಮಾನರ ಊರು ರಾಯಚೂರು. ಅವರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ತಿಂಗಳಿಗೆ ನಾಲ್ಕು ದಿನ ಕಚೇರಿಗೆ ಬಂದರೆ ಸಾಕು, ಉಳಿದ ದಿನ ಎಲ್ಲಿಂದಲಾದರೂ ಕೆಲಸ ಮಾಡಬಹುದು ಎಂದು ಕಂಪನಿ ಈಗ ಒಪ್ಪಿದೆ. ನಾನು ಬಿ.ಎಡ್. ಮಾಡಿದ್ದೇನೆ, ಎರಡನೆಯ ಮಗುವಾದ ಮೇಲೆ ಕೆಲಸ ಬಿಟ್ಟಿದ್ದೇನೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ, ಮಗನಿಗೆ ಎರಡು ವರ್ಷ. ಜೊತೆಗಿರುವ ಅತ್ತೆಯವರಿಗೆ ಅರವತ್ತೆಂಟು. ದಮ್ಮು ಮತ್ತು ಸಕ್ಕರೆ ಕಾಯಿಲೆ ಇವೆ. ರಾಯಚೂರಿನ ಹಳೆಯ ಮನೆಯಲ್ಲಿ ನಮಗೆ ಪಾಲಿದೆ, ಬಾಡಿಗೆ ಉಳಿಯುತ್ತದೆ ಎಂದು ಯಜಮಾನರು ಹೇಳುತ್ತಾರೆ. ಬಳ್ಳಾರಿಯಲ್ಲಿ ಮೈದುನನ ಸಂಸಾರವಿದೆ. ಕೊಪ್ಪಳವಾದರೆ ತವರು ಹತ್ತಿರ ಎಂಬುದು ನನ್ನ ಆಸೆ. ಅತ್ತೆಯವರು ಮಾತ್ರ “ನೀವು ಎಲ್ಲಿಗೆ ಅಂದರೆ ಅಲ್ಲಿಗೆ” ಎನ್ನುತ್ತಾರೆ. ಬೆಂಗಳೂರನ್ನು ಬಿಡಬೇಕೇ? ಬಿಟ್ಟರೆ ಈ ಮೂರರಲ್ಲಿ ಯಾವ ಊರು?
— ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಸಂಬಳ, ಬಾಡಿಗೆ, ಪಾಲು, ತವರಿನ ದೂರ ಎಲ್ಲವೂ ಇವೆ, ಅತ್ತೆಯವರು ಹಗಲೆಲ್ಲ ಏನು ಮಾಡುತ್ತಾರೆ ಎಂಬುದು ಮಾತ್ರ ಇಲ್ಲ. ಊರುಗಳನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ದುಡಿಯುವವರ ಅನುಕೂಲದಿಂದ ಲೆಕ್ಕ ಶುರು ಮಾಡುತ್ತೇವೆ. ಆದರೆ ಊರಿನ ನೀರು, ಗಾಳಿ, ಬಿಸಿಲು, ನೆರೆಹೊರೆ ಇವೆಲ್ಲವನ್ನೂ ಬೆಳಗಿನಿಂದ ಸಂಜೆಯವರೆಗೆ ಅನುಭವಿಸುವವರು ಮನೆಯಲ್ಲಿ ಉಳಿಯುವವರು. ನಿಮ್ಮ ಮನೆಯಲ್ಲಿ ಅವರು ಮೂವರು: ಅತ್ತೆಯವರು, ಚಿಕ್ಕ ಮಗ, ಸದ್ಯಕ್ಕೆ ನೀವು. ಆದ್ದರಿಂದ ಈ ಮೂವರ ದಿನಚರಿಯಿಂದಲೇ ಮೂರು ಊರುಗಳನ್ನೂ ನೋಡುತ್ತೇನೆ.

ಮೊದಲಿಗೆ ಬಿಸಿಲು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೊಪ್ಪಳ 500 ಮೀಟರಿಗಿಂತ ಸ್ವಲ್ಪ ಮೇಲೆ, ಬಳ್ಳಾರಿ ಅದಕ್ಕಿಂತ ಕೆಳಗೆ, ರಾಯಚೂರು ಸುಮಾರು 400 ಮೀಟರಿನಲ್ಲಿವೆ. ಮೂರು ಊರುಗಳಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವುದು ವಾಡಿಕೆ, ರಾಯಚೂರಿನಲ್ಲಿ ಇನ್ನೂ ತುಸು ಹೆಚ್ಚು. ಹನ್ನೊಂದು ವರ್ಷ ಬೆಂಗಳೂರಿನ ತಂಪಿಗೆ ಒಗ್ಗಿದ ದೇಹಕ್ಕೆ, ಅದರಲ್ಲೂ ದಮ್ಮಿನವರಿಗೆ, ಇದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ನಮ್ಮ ಕಡೆಯದು ಒಣ ಬಿಸಿಲಾದುದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎ.ಸಿ.ಯೊಂದಿಗೆ ಹೋಲಿಸಿದರೆ ಅದರ ವಿದ್ಯುತ್ ಖರ್ಚು ತೀರ ಕಡಿಮೆ. ಸಾಮಾನ್ಯ ಕೂಲರ್ ಹತ್ತು ತಾಸು ನಡೆದರೂ ಸುಮಾರು ಎರಡು ಯೂನಿಟ್ ಆದೀತು. ಆದರೆ ಕೂಲರಿಗೆ ದಿನಾಲೂ ನೀರು ತುಂಬಬೇಕು, ಬೇಸಿಗೆಯಲ್ಲಿ ನಮ್ಮಲ್ಲಿ ಕೊರತೆಯಾಗುವುದೂ ನೀರಿನದೇ. ಮನೆ ಹುಡುಕುವಾಗ ಎರಡಂತಸ್ತಿನ ಕಟ್ಟಡದ ಕೆಳಮನೆಯನ್ನೇ ಕೇಳಿರಿ. ಮೇಲಿನ ಮನೆಯ ಆರ್‌ಸಿಸಿ ಚಾವಣಿ ರಾತ್ರಿ ಹನ್ನೆರಡಾದರೂ ಕಾವು ಬಿಡುತ್ತಿರುತ್ತದೆ. ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆ ಸಿಕ್ಕಿದರೆ ತಂಪಿನ ಮಟ್ಟಿಗೆ ಅದು ಭಾಗ್ಯವೇ ಸರಿ, ಆದರೆ ಅದರ ಮಣ್ಣು ಉದುರುವ ಧೂಳು ನಿಮ್ಮ ಅತ್ತೆಯವರಿಗೆ ಆಗಿಬರುವುದಿಲ್ಲ.

ಎರಡನೆಯದು ನೀರು. ತುಂಗಭದ್ರೆಯ ನೆರೆಯ ಜಿಲ್ಲೆಗಳೆಂದ ಮಾತ್ರಕ್ಕೆ ನಲ್ಲಿಯಲ್ಲಿ ದಿನಾಲೂ ನೀರು ಬರುತ್ತದೆ ಎಂದುಕೊಳ್ಳಬೇಡಿ. ಬಳ್ಳಾರಿಯಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಬಿಡುವ ಬಡಾವಣೆಗಳಿವೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡವನ್ನೇ ಹಿಡಿದರೆ, ಐದು ಜನರ ನಿಮ್ಮ ಸಂಸಾರಕ್ಕೆ ದಿನಕ್ಕೆ 675 ಲೀಟರ್ ಬೇಕು. ಹತ್ತು ದಿನಕ್ಕೊಮ್ಮೆ ನೀರು ಬಂದರೂ ನಡೆಯಬೇಕಾದರೆ ಸಂಪು ಏಳು ಸಾವಿರ ಲೀಟರಿನದಿರಬೇಕು. ಮನೆಯ ಮಾಲೀಕರನ್ನು ಬಾಡಿಗೆ ಕೇಳುವ ಮುಂಚೆ ಸಂಪು ಎಷ್ಟು ಲೀಟರಿನದು, ಮೇಲಿನವರಿಗೂ ನಮಗೂ ಅದೊಂದೇ ಸಂಪೇ ಎಂದು ಕೇಳಿರಿ. ರಾಯಚೂರಿನ ಒಂದು ಕಡೆಗೆ ಕೃಷ್ಣೆ, ಇನ್ನೊಂದು ಕಡೆಗೆ ತುಂಗಭದ್ರೆ ಹರಿದರೂ 2022ರ ಬೇಸಿಗೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಅಲ್ಲಿ ಜನ ಸತ್ತರು. ಎರಡು ವರ್ಷದ ಮಗುವಿರುವ ಮನೆಯವರು ಇದನ್ನು ಮರೆಯಬಾರದು. ಯಾವ ಊರಿಗೆ ಹೋದರೂ ಕುಡಿಯುವ ನೀರನ್ನು ಶುದ್ಧೀಕರಿಸಿಯೇ ಬಳಸಬೇಕು, ಸಂಪನ್ನು ವರ್ಷಕ್ಕೆರಡು ಬಾರಿ ತೊಳೆಸಬೇಕು.

ದಮ್ಮಿನ ಕಾರಣದಿಂದ ನಿಮ್ಮ ಮನೆಯ ಮಟ್ಟಿಗೆ ಗಾಳಿಯೇ ನಿರ್ಣಾಯಕ. ನಾನು ಕೊಪ್ಪಳದಲ್ಲಿಯೇ ವಾಸವಾಗಿದ್ದೇನೆ; ಈ ಊರನ್ನು ಮನಸಾರೆ ಪ್ರೀತಿಸುತ್ತೇನೆ. ಗವಿಮಠದ ಗುಡ್ಡದಿಂದ ಕಾಣುವ ಸಂಜೆಯಾಗಲಿ, ನಡೆದುಕೊಂಡೇ ಸಂತೆ, ಕಚೇರಿ, ಶಾಲೆ ಮುಗಿಸಬಹುದಾದ ಅಳತೆಯಾಗಲಿ, 2011ರ ಜನಗಣತಿಯಲ್ಲಿ ಸುಮಾರು ಎಪ್ಪತ್ತು ಸಾವಿರವಿದ್ದ ಜನಸಂಖ್ಯೆಯ ಸಲಿಗೆಯಾಗಲಿ ದೊಡ್ಡ ನಗರದಲ್ಲಿ ಸಿಗುವಂಥದ್ದಲ್ಲ. ಆದರೂ ಗಿಣಿಗೇರಾ, ಹಿರೇಬಗನಾಳ ಕಡೆಯ ಮೆದು ಕಬ್ಬಿಣದ ಕಾರ್ಖಾನೆಗಳಿಂದ ಬರುವ ಕಪ್ಪು ಧೂಳು ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಬೆಳೆಯ ಮೇಲೆ ಕೂರುವುದನ್ನು ಇಲ್ಲಿನವರು ವರ್ಷಗಳಿಂದ ಕಾಣುತ್ತಿದ್ದಾರೆ. ಊರಿನ ಅಂಚಿಗೇ ಮತ್ತೊಂದು ದೊಡ್ಡ ಉಕ್ಕಿನ ಕಾರ್ಖಾನೆ ವಿಸ್ತರಿಸುವುದು ಬೇಡವೆಂದು 2025ರ ಫೆಬ್ರವರಿಯಲ್ಲಿ ಇಡೀ ಕೊಪ್ಪಳ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಆರೋಗ್ಯವಂತರು ಇದನ್ನು ಸಹಿಸಿಕೊಂಡಾರು, ಇನ್‌ಹೇಲರ್ ಹಿಡಿದವರಿಗೆ ಸಹಿಸು ಎನ್ನಲು ನನಗೆ ಮನಸ್ಸಿಲ್ಲ. ರಾಯಚೂರಿನಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲುಗಳ ಅರಳೆಧೂಳು, ಊರ ಹೊರಗೆ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಬೂದಿ ಇವೆ. ಬಳ್ಳಾರಿಯೂ ಶುಭ್ರವೇನಲ್ಲ, ಕುಡತಿನಿಯ ಶಾಖೋತ್ಪನ್ನ ಸ್ಥಾವರ ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಯ ದಿಕ್ಕೇ ಹೊಗೆಯದು. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸುವ ಮುಂಚೆ ಅದಿರಿನ ಲಾರಿಗಳು ಎಬ್ಬಿಸುತ್ತಿದ್ದ ಕೆಂಧೂಳು ಈಗ ಹಾಗಿಲ್ಲ. ಊರೂ ದೊಡ್ಡದಾದ್ದರಿಂದ ಹೊಸಪೇಟೆ ರಸ್ತೆಯ ಕಡೆಯನ್ನು ಬಿಟ್ಟು, ಮುಖ್ಯರಸ್ತೆಯಿಂದ ಎರಡು ಓಣಿ ಒಳಗೆ ಮನೆ ಆರಿಸಿಕೊಳ್ಳುವ ಅವಕಾಶವಿದೆ. ಕೊಪ್ಪಳದಲ್ಲಿ ಆ ಅವಕಾಶ ಕಡಿಮೆ.

ಆಸ್ಪತ್ರೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾದದ್ದು; ಹೆಸರು ಬದಲಾದರೂ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಅದರ ಆಸ್ಪತ್ರೆಯ ಸುತ್ತ ತಜ್ಞ ವೈದ್ಯರ ಖಾಸಗಿ ದವಾಖಾನೆಗಳೂ ಬೆಳೆದಿವೆ. ರಾಯಚೂರಿನ ರಿಮ್ಸ್ 2007ರದು, ಕೊಪ್ಪಳದ ವೈದ್ಯಕೀಯ ಕಾಲೇಜು 2015ರದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನ ಧರಣಿ ಕುಳಿತದ್ದನ್ನು ನೋಡಿದರೆ ಅಲ್ಲಿನ ಕೊರತೆ ಎಷ್ಟು ಆಳದ್ದೆಂದು ತಿಳಿಯುತ್ತದೆ. ನಡುರಾತ್ರಿ ಉಸಿರು ಕಟ್ಟಿದಾಗ ಹತ್ತು ನಿಮಿಷದಲ್ಲಿ ತಲುಪುವ ಜಾಗ ಬಳ್ಳಾರಿಯಲ್ಲಿ ಸಿಗುವಷ್ಟು ಸುಲಭವಾಗಿ ಉಳಿದೆರಡು ಊರುಗಳಲ್ಲಿ ಸಿಗದು.

ಯಜಮಾನರ ಓಡಾಟಕ್ಕೆ ಮೂರೂ ಊರುಗಳಿಂದ ರೈಲುಗಳಿವೆ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಬಳ್ಳಾರಿ ಎರಡನ್ನೂ ಮುಟ್ಟಿ ರಾತ್ರಿ ಪ್ರಯಾಣದಲ್ಲಿ ಬೆಂಗಳೂರು ತಲುಪಿಸುತ್ತದೆ; ರಾಯಚೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಮತ್ತು 2024ರಿಂದ ಕಲಬುರಗಿಯ ವಂದೇ ಭಾರತ್ ಇವೆ. ತಿಂಗಳಿಗೆ ನಾಲ್ಕು ದಿನದ ಕೆಲಸವಾದುದರಿಂದ ಇದು ಆಯ್ಕೆಯನ್ನು ತಿರುಗಿಸುವ ವಿಷಯವಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯೂ ಹಾಗೆಯೇ. ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇ 70ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಿದ್ದು, ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲಾತಿ ಇರುವುದರಿಂದ ಶಿಕ್ಷಕರ ಹುದ್ದೆ ಬಯಸುವ ನಿಮಗೂ ಮುಂದೆ ಮಗಳಿಗೂ ಅದರಿಂದ ಅನುಕೂಲವಿದೆ ನಿಜ. ಆದರೆ ಮೂರು ಜಿಲ್ಲೆಗಳೂ ಅದರ ವ್ಯಾಪ್ತಿಯೊಳಗೇ ಇವೆ. ಗಂಗಾವತಿಯ ಜನನ ಮತ್ತು ವ್ಯಾಸಂಗದ ದಾಖಲೆಗಳನ್ನು ಹಿಡಿದುಕೊಂಡು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ, ಅಷ್ಟೇ ಸಾಕು. ಸರ್ಕಾರಿ ನೇಮಕಾತಿ ಆಗುವವರೆಗೆ ಖಾಸಗಿ ಶಾಲೆಯಲ್ಲಿ ಪಾಠ ಹೇಳಬೇಕೆಂದರೆ, ಶಾಲೆಗಳ ಸಂಖ್ಯೆ ಬಳ್ಳಾರಿಯಲ್ಲೇ ಹೆಚ್ಚು.

ಇನ್ನು ನೀವು ಬರೆಯದೆ ಬಿಟ್ಟ ಒಂದು ವಿಷಯ. ಬೆಂಗಳೂರಿನಲ್ಲಿ ನಿಮ್ಮ ಭಾನುವಾರ ನಿಮ್ಮದೇ. ಈ ಕಡೆಗೆ ಬಂದ ಮೇಲೆ ಹಾಗಿರುವುದಿಲ್ಲ. ಮದುವೆ, ಕುಬುಸ, ತೊಟ್ಟಿಲು, ಗೃಹಪ್ರವೇಶ, ದಿವಸ ಎಂದು ಎರಡೂ ಕಡೆಯ ಬಳಗದ ಕರೆಗಳು ಬರುತ್ತಲೇ ಇರುತ್ತವೆ. ದೂರದಲ್ಲಿದ್ದಾಗ ಒಂದು ಫೋನಿನಲ್ಲಿ ಮುಗಿಯುತ್ತಿದ್ದುದಕ್ಕೆ ಈಗ ಸೀರೆ, ಆಯೇರಿ, ಪ್ರಯಾಣ, ಒಂದು ದಿನ ಎಲ್ಲವೂ ಬೇಕು. ಬರುವವರೂ ಹೇಳಿ ಬರುವುದಿಲ್ಲ. ಯಜಮಾನರು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದರೆ “ಮನೆಯಲ್ಲೇ ಇದ್ದಾನಲ್ಲ” ಎಂದು ಬಂದವರು ಮಾತಿಗೆ ಕೂರುತ್ತಾರೆ, ಚಹಾ ಮಾಡುವವರು ನೀವಾಗುತ್ತೀರಿ. ಇದರ ಭಾರ ಬೀಳುವುದು ಸೊಸೆಯಂದಿರ ಮೇಲೆ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಅತ್ತೆಯವರ ಮಟ್ಟಿಗೆ ಇದೇ ಬಳಗವೇ ಔಷಧಿ. ಬೆಂಗಳೂರಿನ ಮೂರನೆಯ ಅಂತಸ್ತಿನಲ್ಲಿ ಲಿಫ್ಟಿಗೆ ಅಂಜಿ, ಭಾಷೆ ಸಾಲದೆ, ಟಿ.ವಿ. ಮುಂದೆ ಕುಳಿತಿರುವ ಹಿರಿಯರನ್ನು ನಾನು ಬಹಳ ಕಂಡಿದ್ದೇನೆ. ಅವರು ಕೆಳಮನೆಯ ಕಟ್ಟೆಯಲ್ಲಿ ಕುಳಿತು ಓಣಿಯವರೊಂದಿಗೆ ಮಾತಾಡುವಂತಾದರೆ, ಮಂಗಳವಾರಕ್ಕೊಮ್ಮೆ ಬಳ್ಳಾರಿಯ ಕನಕದುರ್ಗಮ್ಮನ ಗುಡಿಗೆ ಒಬ್ಬರೇ ಆಟೋದಲ್ಲಿ ಹೋಗಿ ಬರುವಂತಾದರೆ, ಅದಕ್ಕಾಗಿ ಊರು ಬದಲಾಯಿಸುವುದು ತಕ್ಕುದೇ. ಬಂಧುಗಳು ಹತ್ತಿರವಿರಲಿ, ಒಂದೇ ಅಂಗಳದಲ್ಲಿ ಬೇಡ. ಈ ಕಾರಣಕ್ಕೇ ರಾಯಚೂರಿನ ಪಾಲಿನ ಮನೆ ನನಗೆ ಒಪ್ಪಿಗೆಯಿಲ್ಲ. ವಿಭಾಗಪತ್ರ ನೋಂದಣಿಯಾಗದ ಮನೆಯಲ್ಲಿ ಬಾಡಿಗೆಯಿಲ್ಲದೆ ಹೋಗಿ ಕುಳಿತರೆ, ಉಳಿಸಿದ ಬಾಡಿಗೆಗಿಂತ ಹೆಚ್ಚಿನದು ಅಣ್ಣತಮ್ಮಂದಿರ ಮಾತಿನಲ್ಲಿ ಹೋಗುತ್ತದೆ.

ಮಗಳು ಕಳೆದುಕೊಳ್ಳುವುದೂ ಇದೆ. ಬೆಂಗಳೂರಿನ ವಸ್ತುಸಂಗ್ರಹಾಲಯಗಳು, ಈಜುಕೊಳಗಳು, ನಾಟಕ, ಚಿತ್ರಕಲೆಯ ತರಗತಿಗಳು ಇಲ್ಲಿ ಅಷ್ಟು ಇಲ್ಲ. ತಂದೆ ಕಚೇರಿಗೆ ಹೋಗುವ ದಿನಗಳು ರಜೆಯಲ್ಲಿ ಬಂದರೆ ಅವಳನ್ನೂ ಕರೆದೊಯ್ಯಲಿ. ಇದು ಸಣ್ಣ ಪರಿಹಾರ, ಪೂರ್ತಿ ಪರಿಹಾರವಲ್ಲ.

ನನ್ನ ತೀರ್ಮಾನ ಬಳ್ಳಾರಿ. ಬಾಡಿಗೆ ಮೂರರಲ್ಲಿ ಅಲ್ಲಿಯೇ ಹೆಚ್ಚಾದರೂ, ಕೊಪ್ಪಳದಲ್ಲಿರುವ ನಾನು ನಿಮ್ಮ ತವರಿನ ಆಸೆಯನ್ನು ಬಲ್ಲೆನಾದರೂ, ಬಳ್ಳಾರಿಯೇ. ಅಲ್ಲಿಂದ ಗಂಗಾವತಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆದರೆ ಜನವರಿಯಲ್ಲಿ ಬಂದು ಊರು ನೋಡಿ ನಿರ್ಧರಿಸಬೇಡಿ. ಚಳಿಗಾಲದಲ್ಲಿ, ಜಾತ್ರೆಯ ದಿನಗಳಲ್ಲಿ ನಮ್ಮ ಎಲ್ಲ ಊರುಗಳೂ ಚೆಂದ. ಏಪ್ರಿಲ್ ರಜೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದು, ಬೆಂಗಳೂರಿನ ಮನೆಯನ್ನು ಮೇ ಕೊನೆಯವರೆಗೆ ಬಿಡದೆ, ಬೇಸಿಗೆಯಲ್ಲಿ ಅತ್ತೆಯವರ ಉಸಿರು ಹೇಗಿರುತ್ತದೆಂದು ನೋಡಿರಿ. ಎರಡು ಬಾಡಿಗೆಯ ಹೊರೆ ಆಗುತ್ತದೆ, ಆದರೂ ಮಾಡಿ. ಹೊರಡುವ ಮುಂಚೆ ಶ್ವಾಸಕೋಶದ ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಬಿಸಿಲಿಗೂ ಧೂಳಿಗೂ ಹೊಂದುವಂತೆ ಬರೆಸಿಕೊಳ್ಳಿ. ಆ ಎರಡು ತಿಂಗಳು ಅವರಿಗೆ ತಾಳದಿದ್ದರೆ ಬೆಂಗಳೂರಿನಲ್ಲೇ ಉಳಿಯಿರಿ, ಆದರೆ ಕೆಳಮನೆಗೆ ಬದಲಾಯಿಸಿ.

ಪ್ರಶ್ನೆ: ನಾನು ನಿವೃತ್ತ ಮುಖ್ಯೋಪಾಧ್ಯಾಯ, ವಯಸ್ಸು ಎಪ್ಪತ್ತೆರಡು. ಪತ್ನಿ ತೀರಿಕೊಂಡ ಮೇಲೆ ರಾಯಚೂರಿನ ಸ್ವಂತ ಮನೆಯಲ್ಲಿ ಒಬ್ಬನೇ ಇದ್ದೇನೆ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಹೈದರಾಬಾದಿನಲ್ಲಿ. ಮನೆ ಮಾರಿ ಇಬ್ಬರಲ್ಲಿ ಯಾರ ಬಳಿಯಾದರೂ ಬಂದಿರಿ ಎಂದು ಇಬ್ಬರೂ ಒತ್ತಾಯಿಸುತ್ತಿದ್ದಾರೆ. ಯಾವ ಊರು ನನಗೆ ಸರಿಹೋದೀತು?
— ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಮಾಸ್ತರರಿಗೆ ಶರಣು. ಮಕ್ಕಳು ಕರೆಯುತ್ತಿರುವುದು ಪ್ರೀತಿಯಿಂದಲೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವರು ಊಹಿಸಿಕೊಳ್ಳುವುದು ರಾತ್ರಿಯ ಊಟಕ್ಕೆ ತಂದೆ ಜೊತೆಗಿರುವ ಚಿತ್ರವನ್ನು; ತಾವು ಕಳೆಯಬೇಕಾದುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗಿನ ಹೊತ್ತನ್ನು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಹೊರಟುಹೋದ ಆ ಫ್ಲ್ಯಾಟಿನಲ್ಲಿ ಹಗಲು ತಾವು ಈಗಿನಷ್ಟೇ ಒಂಟಿ. ರಾಯಚೂರಿನಲ್ಲಾದರೆ ಮಾವಿನಕೆರೆಯ ಕಡೆ ಅಡ್ಡಾಡಿ, ತೀನ್ ಕಂದೀಲ್ ಬಳಿ ಹಳೆಯ ವಿದ್ಯಾರ್ಥಿಯೊಬ್ಬ ನಿಲ್ಲಿಸಿ ನಮಸ್ಕಾರ ಹೇಳಿ, ಪತ್ರಿಕೆ ಓದಿ ಮನೆ ಸೇರುವಷ್ಟರಲ್ಲಿ ಅರ್ಧ ದಿನ ಅರ್ಥಪೂರ್ಣವಾಗಿ ಕಳೆದಿರುತ್ತದೆ. ಶಿಕ್ಷಕರಿಗೆ ತಾವು ಪಾಠ ಹೇಳಿದ ಊರಿನಲ್ಲಿ ಸಿಗುವ ಈ ಗೌರವಕ್ಕೆ ಸಮನಾದುದನ್ನು ಯಾವ ಮಹಾನಗರವೂ ಕೊಡಲಾರದು ಎಂದೇ ನಾನು ನಂಬಿದ್ದೇನೆ.

ಹಾಗೆಂದು ಎಪ್ಪತ್ತೆರಡರಲ್ಲಿ ಒಬ್ಬರೇ ಇರುವುದನ್ನು ಹೊಗಳುವುದೂ ತಪ್ಪು. ಮನೆಯ ಒಂದು ಭಾಗವನ್ನು ಸಣ್ಣ ಸಂಸಾರವೊಂದಕ್ಕೆ, ಬಾಡಿಗೆ ತುಸು ಕಡಿಮೆಯಾದರೂ ಸರಿ, ಕೊಟ್ಟು ಜನರನ್ನು ಇರಿಸಿಕೊಳ್ಳಿ. ಮಾರ್ಚ್ ಕೊನೆಗೆ ಬೆಂಗಳೂರಿಗೆ ಹೋಗಿ ಮಳೆ ಹಿಡಿದ ಮೇಲೆ ಮರಳಿರಿ. ರಾಯಚೂರಿನ ಬೇಸಿಗೆಯನ್ನು ಈ ವಯಸ್ಸಿನಲ್ಲಿ ಒಬ್ಬರೇ ಎದುರಿಸುವುದು ಬೇಡ. ಹೈದರಾಬಾದು ಹತ್ತಿರ, ತೆಲುಗು ಮತ್ತು ಉರ್ದು ರಾಯಚೂರಿನವರಿಗೆ ಹೊಸವಲ್ಲ, 1956ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವೇ ಆಗಿತ್ತು. ಅಲ್ಲಿ ತಾವು ಅಂಗಡಿಗೆ ಹೋದರೂ ಆಸ್ಪತ್ರೆಗೆ ಹೋದರೂ ಮಾತಿಗೆ ಇನ್ನೊಬ್ಬರನ್ನು ಕಾಯಬೇಕಿಲ್ಲ. ಆದರೆ ಬೇಸಿಗೆ ಅಲ್ಲಿಯೂ ರಾಯಚೂರಿನಂಥದ್ದೇ. ಆದ್ದರಿಂದ ದಸರೆಯ ಮುಂದಿನ ತಿಂಗಳುಗಳಲ್ಲಿ ಕಿರಿಯ ಮಗನ ಮನೆಗೆ ಹೋಗಿ ಬರುವುದು ಹಿತ. ಹೀಗೆ ಒಂದು ವರ್ಷ ಕಳೆದ ಮೇಲೆ ತಮ್ಮ ದೇಹವೇ ಉತ್ತರ ಹೇಳುತ್ತದೆ.

ಮನೆಯನ್ನು ಮಾತ್ರ ಈಗ ಮಾರಬೇಡಿ, ಮಕ್ಕಳ ಹೆಸರಿಗೆ ದಾನಪತ್ರವನ್ನೂ ಅವಸರದಲ್ಲಿ ಮಾಡಬೇಡಿ. ಮುಂದೆ ಕೊಡುವುದೇ ಆದರೆ, ತಮ್ಮ ಪಾಲನೆ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಪ್ರಕರಣದ ಪ್ರಕಾರ, ಅಂಥ ಷರತ್ತು ಇದ್ದು ಅದನ್ನು ಪಾಲಿಸದಿದ್ದರೆ ವರ್ಗಾವಣೆಯನ್ನು ರದ್ದುಗೊಳಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೇಳಬಹುದು. ಷರತ್ತಿಲ್ಲದ ಪತ್ರದಲ್ಲಿ ಆ ದಾರಿ ಕಷ್ಟ. ತಮ್ಮ ಮಕ್ಕಳ ಮೇಲೆ ಅನುಮಾನದಿಂದ ಇದನ್ನು ಹೇಳುತ್ತಿಲ್ಲ. ಮರಳಿ ಬರಲು ಸ್ವಂತ ಬಾಗಿಲೊಂದಿದೆ ಎಂಬ ಧೈರ್ಯವಿದ್ದರೆ ಮಗನ ಮನೆಯಲ್ಲಿಯೂ ತಾವು ನೆಮ್ಮದಿಯಿಂದಿರುತ್ತೀರಿ.

ಪ್ರಶ್ನೆ: ಕೊಪ್ಪಳದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೇನೆ. ಮನೆ ಹೊಸಪೇಟೆಯಲ್ಲಿ. ಮಕ್ಕಳ ಶಾಲೆ, ಪತಿಯ ಅಂಗಡಿ ಎರಡೂ ಅಲ್ಲಿಯೇ. ಬಸ್ಸಿನಲ್ಲಿ ದಿನಾಲೂ ಓಡಾಡಿ ದಣಿದಿದ್ದೇನೆ. ಕೊಪ್ಪಳಕ್ಕೆ ಮನೆ ಬದಲಾಯಿಸೋಣವೆಂದರೆ ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ.
— ಓದುಗರು, ಹೊಸಪೇಟೆ

ಉತ್ತರ: ಕೊಪ್ಪಳದ ಕಚೇರಿಗಳಿಗೆ ಹೊಸಪೇಟೆಯಿಂದ, ಗಂಗಾವತಿಯಿಂದ ಬಂದು ಹೋಗುವ ಸಿಬ್ಬಂದಿ ಬಹಳ. 1997ರಲ್ಲಿ ಜಿಲ್ಲೆಯಾದಾಗ ಕಚೇರಿಗಳು ಬಂದಷ್ಟು ಬೇಗ ಮನೆಗಳೂ ಶಾಲೆಗಳೂ ಬರಲಿಲ್ಲ. ಆ ರೂಢಿ ಇನ್ನೂ ಮುಂದುವರಿದಿದೆ. ಎರಡೂ ಊರುಗಳ ನಡುವಿನ ಅಂತರ ಸುಮಾರು 35 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ನಿಮಗೆ ಟಿಕೆಟ್ ಖರ್ಚಿಲ್ಲ, ಆದ್ದರಿಂದಲೇ ಈ ಓಡಾಟಕ್ಕೆ ಬೆಲೆಯಿಲ್ಲ ಎಂದು ಮನೆಯವರಿಗೆ ಅನಿಸಿರಬಹುದು. ಮನೆಯಿಂದ ನಿಲ್ದಾಣ, ಬಸ್ಸಿಗಾಗಿ ಕಾಯುವುದು, ಪ್ರಯಾಣ, ಅಲ್ಲಿಂದ ಕಚೇರಿ ಎಂದು ದಿನಕ್ಕೆ ಮೂರು ತಾಸು ಹಿಡಿದರೂ ತಿಂಗಳಿಗೆ ಎಪ್ಪತ್ತು ತಾಸಿನ ಹತ್ತಿರ ಬರುತ್ತದೆ. ಅದನ್ನು ಕಾಗದದ ಮೇಲೆ ಬರೆದು ಪತಿಯ ಮುಂದಿಡಿ.

ಆದರೆ ಮನೆ ಬದಲಾಯಿಸಿರಿ ಎಂದು ನಾನು ಹೇಳುವುದಿಲ್ಲ. ಮೇಲಿನ ಎರಡು ಪತ್ರಗಳಿಗೆ ಬಳಸಿದ ಅಳತೆಯನ್ನೇ ಇಲ್ಲಿ ಬಳಸಿದರೆ, ಹಗಲು ಊರನ್ನು ಬಾಳುವವರು ಪತಿ ಮತ್ತು ಮಕ್ಕಳು. ಅವರಿಗೆ ಹೊಸಪೇಟೆಯೇ ಒಗ್ಗಿದೆ, ಅಂಗಡಿಯನ್ನು ಎತ್ತಿಕೊಂಡು ಹೋಗಲಾಗದು. ಬದಲಾಗಬೇಕಾದುದು ಊರಲ್ಲ, ಮನೆಯೊಳಗಿನ ಕೆಲಸದ ಹಂಚಿಕೆ. ಬೆಳಗಿನ ಅಡುಗೆ, ಮಕ್ಕಳ ಡಬ್ಬಿ, ಸಂಜೆಯ ಪಾಠ ಈ ಮೂರರಲ್ಲಿ ಎರಡನ್ನು ಊರಿನಲ್ಲೇ ಇರುವ ಪತಿ ವಹಿಸಿಕೊಳ್ಳಲಿ. ಮನೆಯನ್ನು ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ನಡೆದು ಹೋಗುವಷ್ಟು ಹತ್ತಿರಕ್ಕೆ ಬದಲಾಯಿಸಿರಿ. ಹುಬ್ಬಳ್ಳಿ ಕಡೆಯ ರೈಲಿನ ವೇಳೆ ನಿಮ್ಮ ಕಚೇರಿಯ ವೇಳೆಗೆ ಹೊಂದುವುದಾದರೆ ತಿಂಗಳ ಪಾಸು ಮಾಡಿಸಿಕೊಳ್ಳಿ, ಕುಳಿತು ಬರುವ ಪ್ರಯಾಣ ನಿಂತು ಬರುವುದಕ್ಕಿಂತ ದಣಿವು ಕಡಿಮೆ. ಮುಂದಿನ ಸಾರ್ವತ್ರಿಕ ವರ್ಗಾವಣೆಯ ಸಮಯದಲ್ಲಿ, ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲಾ ಕೇಂದ್ರವಾಗಿರುವುದರಿಂದ ನಿಮ್ಮ ಇಲಾಖೆಯ ಜಿಲ್ಲಾ ಕಚೇರಿ ಅಲ್ಲಿಯೂ ಇದ್ದರೆ, ಕೋರಿಕೆಯ ಅರ್ಜಿಯನ್ನು ತಪ್ಪದೆ ಸಲ್ಲಿಸಿರಿ.